ಸೋತದ್ದು ಎಲ್ಲಿ ಎಂದು ಕಾಣಬೇಕು: ಕಾಳಗದ ವಿಡಿಯೊ ಗೇಮ್‌ಗಳಲ್ಲಿ ಕಠಿಣತೆಯ ಮಟ್ಟ

ಇಂಟರ್ನ್‌ಶಿಪ್ ಅವಧಿಯಲ್ಲಿ ಜಾವಗಲ್‌ನ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಗೆ ಗುರುತ್ವಾಕರ್ಷಣೆಯ ಘಟಕ ಮುಗಿಸಿ 25 ಅಂಕಗಳ ಘಟಕ ಪರೀಕ್ಷೆ ಕೊಟ್ಟೆ. ನೀಲನಕ್ಷೆ ನಾನೇ ತಯಾರಿಸಿದ್ದು. ಉದ್ದೇಶಗಳು, ಪ್ರಶ್ನೆಗಳ ಸ್ವರೂಪ, ಕಠಿಣತೆಯ ಮಟ್ಟ, ಅಡ್ಡ ಕೂಡಿದರೂ ಉದ್ದ ಕೂಡಿದರೂ 25 ಸರಿಯಾಗಿ ಬರುತ್ತಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ನಾಲ್ಕು ಅಂಕ ತೆಗೆದ. ಉತ್ತರ ಪತ್ರಿಕೆ ಕೊಟ್ಟಾಗ ಅಂಕ ನೋಡಿ ನಾಲ್ಕಾಗಿ ಮಡಚಿ ಜೇಬಿಗೆ ಇಟ್ಟುಕೊಂಡ. ‘ಯಾವ ಪ್ರಶ್ನೆ ಕಷ್ಟ ಆಯ್ತು?’ ಎಂದು ಕೇಳಿದೆ. ‘ಎಲ್ಲಾ ಒಂದೇ ಮಿಸ್’ ಎಂದ.

ಅದೇ ದಿನ ಸಂಜೆ ಬಸ್ ನಿಲ್ದಾಣದಲ್ಲಿ ಇದೇ ಹುಡುಗ ಗೆಳೆಯನಿಗೆ ಬೇರೆ ಏನನ್ನೋ ವಿವರಿಸುತ್ತಿದ್ದ. ‘ಅವ್ನು ಮಂತ್ರ ಹಾಕೋಕೆ ಮುಂಚೆ ಒಂಚೂರು ನಿಲ್ತಾನೆ. ಆಗ ಉರುಳ್ಬೇಕು. ನಾನು ಬೇಗ ಉರುಳ್ಬಿಡ್ತೀನಿ, ಎದ್ದೇಳೋ ಹೊತ್ಗೆ ಹೊಡೀತಾನೆ.’ ಶ್ಯಾಡೋ ಫೈಟ್ 2 ಎಂಬ ಮೊಬೈಲ್ ಗೇಮ್‌ನ ಹರ್ಮಿಟ್ ಎಂಬ ಎದುರಾಳಿಯ ಮಾತು ಅದು. ಎಷ್ಟೋ ಸಲ ಸೋತಿದ್ದಾನಂತೆ. ಆದರೆ ಎಲ್ಲಿ, ಯಾವ ಕ್ಷಣದಲ್ಲಿ, ಯಾವ ತಪ್ಪಿಗೆ ಸೋಲುತ್ತಿದ್ದೇನೆ ಎಂದು ಒಂದು ವಾಕ್ಯದಲ್ಲಿ ಹೇಳಬಲ್ಲವನಾಗಿದ್ದ. ನನ್ನ ಪರೀಕ್ಷೆಯಲ್ಲಿ ಎಲ್ಲಿ ಸೋತೆ ಎಂಬುದು ಅವನಿಗೆ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ.

ಇಂಥ ಗೇಮ್‌ಗಳನ್ನು ನಾನೂ ಆಡಿದ್ದೇನೆ, ಬೆಂಗಳೂರಿನ ಸೋದರಮಾವನ ಮಗನ ಕಂಪ್ಯೂಟರಿನಲ್ಲಿ, ರಜೆಯಲ್ಲಿ, ಬೈಸಿಕೊಳ್ಳುತ್ತ. ಕತ್ತಿ, ಮಂತ್ರ, ರಾಕ್ಷಸರು ಇರುವ ಈ ಕಾಳಗದ ಗೇಮ್‌ಗಳು ಕಷ್ಟವನ್ನು ಹೇಗೆ ಕಟ್ಟುತ್ತವೆ ಎಂಬುದನ್ನು ನಮ್ಮ ಕಾಲೇಜಿನ ಓದುಗರಿಗೆ ವಿವರಿಸಬೇಕೆಂದು ಈ ಲೇಖನ. ಗೇಮ್ ಆಡಿಸಿ ಪಾಠ ಮಾಡಿ ಎಂದು ನಾನು ಹೇಳುತ್ತಿಲ್ಲ. ನೀಲನಕ್ಷೆಯಲ್ಲಿ ‘ಕಠಿಣ’ ಎಂಬ ಕಂಬವನ್ನು ನಾವು ತುಂಬುವ ರೀತಿಗೆ ಇದು ಸಂಬಂಧಿಸಿದೆ.

ಮೊದಲು ಒಂದು ಹೊಡೆತದ ರಚನೆ ನೋಡೋಣ. ಇಂಥ ಗೇಮ್‌ಗಳ ಚಿತ್ರ ಸಾಮಾನ್ಯವಾಗಿ ಸೆಕೆಂಡಿಗೆ 60 ಫ್ರೇಮ್‌ಗಳಂತೆ ಓಡುತ್ತದೆ. ಎದುರಾಳಿಯ ಪ್ರತಿ ಹೊಡೆತಕ್ಕೂ ಮೂರು ಭಾಗ: ಕೈ ಎತ್ತುವ ಸಿದ್ಧತೆ, ಪೆಟ್ಟು ತಾಗುವ ಕ್ಷಣ, ಆಮೇಲಿನ ಚೇತರಿಕೆ. ಆಟಗಾರ ಸಿದ್ಧತೆಯನ್ನು ಓದಿ ತಪ್ಪಿಸಿಕೊಳ್ಳುತ್ತಾನೆ, ಚೇತರಿಕೆಯಲ್ಲಿ ತಿರುಗಿ ಹೊಡೆಯುತ್ತಾನೆ. ಕಾಳಗದ ಗೇಮ್ ಎಷ್ಟೇ ಅಬ್ಬರದ್ದಾದರೂ ಅದರ ಒಳಗಿನ ವ್ಯಾಕರಣ ಇಷ್ಟೇ.

ಸಿದ್ಧತೆ ಎಷ್ಟು ಹೊತ್ತು ಇರಬೇಕು? ಇದನ್ನು ತರಗತಿಯಲ್ಲಿಯೇ ಅಳೆಯಬಹುದು, ನಾನು ಅಳೆದೆ. ಒಬ್ಬರು 30 ಸೆಂ.ಮೀ. ಅಳತೆಪಟ್ಟಿಯನ್ನು ನೇರವಾಗಿ ಹಿಡಿದು ಹೇಳದೆ ಬಿಡುವುದು, ಇನ್ನೊಬ್ಬರು ಕೆಳತುದಿಯಲ್ಲಿ ಬೆರಳು ತೆರೆದಿಟ್ಟು ಹಿಡಿಯುವುದು. ಪಟ್ಟಿ 20 ಸೆಂ.ಮೀ. ಜಾರಿದ ಮೇಲೆ ಹಿಡಿದರೆ, ದೂರ = ½ × g × ಕಾಲದ ವರ್ಗ ಎಂಬ ನಮ್ಮ ಘಟಕದ ಸೂತ್ರದಿಂದಲೇ ಕಾಲ ಸುಮಾರು 0.2 ಸೆಕೆಂಡ್. ಅಂದರೆ 60 ಫ್ರೇಮ್‌ಗಳ ಗೇಮ್‌ನಲ್ಲಿ 12 ಫ್ರೇಮ್. ಕಣ್ಣು ಕಂಡು ಬೆರಳು ಒತ್ತುವುದಕ್ಕೇ ಇಷ್ಟು ಬೇಕು. ಎದುರಾಳಿಯ ಸಿದ್ಧತೆ 10 ಫ್ರೇಮ್ ಮಾತ್ರ ಇದ್ದರೆ ನೋಡಿ ತಪ್ಪಿಸಿಕೊಳ್ಳುವ ಮಾತೇ ಇಲ್ಲ, ಊಹೆ ಮಾಡಬೇಕು. 30 ಫ್ರೇಮ್ ಇದ್ದರೆ ನೋಡಿದ ಮೇಲೂ 18 ಫ್ರೇಮ್ ಉಳಿಯುತ್ತವೆ, ಆಗ ಯೋಚಿಸಬಹುದು. ಎರಡರಲ್ಲೂ ಆಟಗಾರ ಸೋಲಬಹುದು. ಆದರೆ ಮೊದಲನೆಯದರಲ್ಲಿ ಸೋತವನು ಏನನ್ನೂ ಕಲಿಯುವುದಿಲ್ಲ.

ಜಾವಗಲ್‌ನ ಮಕ್ಕಳಿಗೆ ಇದನ್ನು ಹೇಳಿಕೊಡಲು ಗೇಮ್ ಬೇಕಾಗಲಿಲ್ಲ, ಕ್ರಿಕೆಟ್ ಸಾಕಾಯಿತು. ಊರಿನ ಹೆಸರನ್ನು ತನ್ನ ಹೆಸರಿನ ಮುಂದೆ ಇಟ್ಟುಕೊಂಡ ಶ್ರೀನಾಥ್ ವೇಗದ ಬೌಲರ್ ಅಲ್ಲವೇ! ಗಂಟೆಗೆ 140 ಕಿ.ಮೀ. ವೇಗದ ಚೆಂಡು ಬ್ಯಾಟರ್‌ನ್ನು ತಲುಪಲು ಸುಮಾರು ಅರ್ಧ ಸೆಕೆಂಡ್. ಹಾಗಿದ್ದೂ ಆಡಲು ಆಗುವುದು ಏಕೆಂದರೆ ಓಟ, ತೋಳಿನ ಏರಿಕೆ, ಮಣಿಕಟ್ಟಿನ ತಿರುವು ಇವೆಲ್ಲ ಚೆಂಡು ಬರುವ ಮೊದಲೇ ಏನನ್ನೋ ಹೇಳಿರುತ್ತವೆ. ಸ್ಲೋ ಬಾಲ್‌ನ ಕುತಂತ್ರವೂ ಅಲ್ಲಿಯೇ: ಅದೇ ತೋಳು, ತಡವಾಗಿ ಬರುವ ಚೆಂಡು. 2022ರ ಎಲ್ಡನ್ ರಿಂಗ್‌ನಲ್ಲಿ ಮಾರ್ಗಿಟ್ ಎಂಬ ಮೊದಲ ದೊಡ್ಡ ಎದುರಾಳಿ ಕೋಲನ್ನು ಎತ್ತಿ ಹಿಡಿದು, ನಾವು ಗಾಬರಿಯಿಂದ ಉರುಳುವವರೆಗೆ ಕಾದು, ಆಮೇಲೆ ಇಳಿಸುತ್ತಾನೆ. ನಮ್ಮ ಹುಡುಗನ ‘ಬೇಗ ಉರುಳುವ’ ತಪ್ಪು ಅವನೊಬ್ಬನದಲ್ಲ, ಲೋಕದ ತುಂಬ ಜನರದ್ದು.

ಸಿದ್ಧತೆ ಕಣ್ಣಿಗೆ ಸ್ಪಷ್ಟವಾಗಿ ಬೀಳಬೇಕು ಎಂಬುದಕ್ಕೆ ಬೇರೆ ಬೇರೆ ಗೇಮ್‌ಗಳು ಬೇರೆ ಉಪಾಯ ಹೂಡಿವೆ. 2019ರ ಸೆಕಿರೊದಲ್ಲಿ ಕತ್ತಿಯಿಂದ ತಡೆಯಲಾಗದ ಹೊಡೆತಕ್ಕೆ ಮುಂಚೆ ಅಪಾಯ ಎಂಬ ಅರ್ಥದ ಕೆಂಪು ಜಪಾನಿ ಅಕ್ಷರ ಪರದೆಯ ಮೇಲೆ ಮೂಡುತ್ತದೆ, ಜೊತೆಗೊಂದು ಸದ್ದು. ಮೂಡಿದ ಮೇಲೂ ಅದು ಇರಿತವೋ ಬೀಸೋ ಹಿಡಿತವೋ ಎಂದು ಭಂಗಿ ನೋಡಿಯೇ ತಿಳಿಯಬೇಕು. ಎಚ್ಚರಿಕೆ ಇದೆ, ಉತ್ತರ ಇಲ್ಲ. ಶ್ಯಾಡೋ ಫೈಟ್ 2ರ ಪಾತ್ರಗಳು ಬರೀ ಕಪ್ಪು ನೆರಳುಗಳು. ಮುಖವಿಲ್ಲ, ಬಟ್ಟೆಯ ಬಣ್ಣವಿಲ್ಲ. ತೊಗಲುಗೊಂಬೆ ನೋಡಿದವರಿಗೆ ಇದು ಹೊಸದಲ್ಲ, ತೆರೆಯ ಹಿಂದಿನ ಗೊಂಬೆಯ ಕೋಪವನ್ನು ನಾವು ಕೈ ಎತ್ತಿದ ಕೋನದಲ್ಲಿಯೇ ಓದುತ್ತೇವೆ. ಅಗ್ಗದ ಫೋನಿನ ಸಣ್ಣ ಪರದೆಯಲ್ಲೂ ಹುಡುಗನಿಗೆ ಹರ್ಮಿಟ್‌ನ ‘ಒಂಚೂರು ನಿಲ್ಲುವಿಕೆ’ ಕಂಡದ್ದು ಈ ನೆರಳಿನ ಕಾರಣದಿಂದ. ಪುಣೆಯ ನೋಡಿಂಗ್ ಹೆಡ್ಸ್ ಸಂಸ್ಥೆ 2020ರಲ್ಲಿ ತಂದ ರಾಜಿ ಎಂಬ ಗೇಮ್‌ನಲ್ಲಿ ಕಥೆಯ ಭಾಗಗಳನ್ನು ನೆರಳುಗೊಂಬೆಯ ರೀತಿಯಲ್ಲಿಯೇ ತೋರಿಸಿದ್ದಾರೆ. ಅಲ್ಲಿ ತ್ರಿಶೂಲ ಹಿಡಿದು ರಾಕ್ಷಸರೊಡನೆ ಹೋರಾಡುವುದು ಒಬ್ಬಳು ಹುಡುಗಿ.

ಹಳೇಬೀಡು ಜಾವಗಲ್‌ಗೆ ಹತ್ತಿರ. ನಮ್ಮ ಮಕ್ಕಳಿಗೆ ಸಳನ ಲಾಂಛನ ಅಪರಿಚಿತವಲ್ಲ. ಬೇಲೂರಿನ ದೇವಸ್ಥಾನದ ಬಾಗಿಲಲ್ಲಿ ಆ ಶಿಲ್ಪ ನೋಡಿ: ಮೃಗ ಪಂಜ ಎತ್ತಿದೆ, ಬಾಯಿ ತೆರೆದಿದೆ, ಸಳನ ಆಯುಧ ಇನ್ನೇನು ನಾಟಬೇಕು. ಶಿಲ್ಪಿ ಆರಿಸಿಕೊಂಡದ್ದು ಹೊಡೆತದ ಮುಂಚಿನ ಕ್ಷಣವನ್ನು, ಏಕೆಂದರೆ ಕಥೆ ಓದಿಸಿಕೊಳ್ಳುವುದು ಆ ಕ್ಷಣದಲ್ಲಿ. ಐತಿಹ್ಯದಲ್ಲಿ ಗುರು ಸುದತ್ತ ಹೇಳಿದ್ದು ‘ಹೊಯ್ ಸಳ’ ಎಂಬ ಎರಡೇ ಪದ. ಮೃಗದ ಲಕ್ಷಣಗಳನ್ನು ವಿವರಿಸುತ್ತ ನಿಲ್ಲಲಿಲ್ಲ. ಸೂಕ್ಷ್ಮ ಬೋಧನೆಯಲ್ಲಿ ಸುಳಿವು ಕೊಡುವ ಕೌಶಲವನ್ನು ಅಭ್ಯಾಸ ಮಾಡುವಾಗ ನನಗೆ ಇದು ನೆನಪಾಗುತ್ತಿತ್ತು, ನನ್ನ ಸುಳಿವುಗಳು ಸಾಮಾನ್ಯವಾಗಿ ಎರಡು ನಿಮಿಷದವು.

ಇನ್ನು ಶೈಲಿಯ ಮಾತು. 2001ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ ಹಿದೆಕಿ ಕಮಿಯ ಅವರ ನಿರ್ದೇಶನದಲ್ಲಿ ಡೆವಿಲ್ ಮೇ ಕ್ರೈ ಎಂಬ ಗೇಮ್ ತಂದಿತು. ಮೊದಲು ಅದು ರೆಸಿಡೆಂಟ್ ಈವಿಲ್ ಎಂಬ ಭಯಾನಕ ಗೇಮ್ ಸರಣಿಯ ಮುಂದಿನ ಭಾಗವಾಗಿ ಶುರುವಾಗಿ, ದಿಕ್ಕು ಬದಲಿಸಿ ಬೇರೆಯೇ ಗೇಮ್ ಆಯಿತು. ಅದರ ಹೊಸತನವೆಂದರೆ ಹೊಡೆದಾಡುತ್ತಿರುವಾಗಲೇ ಪರದೆಯ ಬದಿಯಲ್ಲಿ ಶ್ರೇಣಿ ಮೂಡುವುದು: ಡಿ, ಸಿ, ಬಿ, ಎ, ಕೊನೆಗೆ ಎಸ್. ಡಿ ಎಂದರೆ ‘ಡಲ್’, ಎಸ್ ಎಂದರೆ ‘ಸ್ಟೈಲಿಶ್’. ಈ ಸರಣಿಯಲ್ಲಿ ಪೆಟ್ಟು ತಿಂದರೆ ಶ್ರೇಣಿ ಇಳಿಯುತ್ತದೆ. ಸುಮ್ಮನೆ ನಿಂತರೂ ಇಳಿಯುತ್ತದೆ. ಮುಂದಿನ ಭಾಗಗಳಲ್ಲಿ ಇನ್ನೊಂದು ನಿಯಮ ಗಟ್ಟಿಯಾಯಿತು: ಒಂದೇ ಹೊಡೆತವನ್ನು ಮತ್ತೆ ಮತ್ತೆ ಹೊಡೆದರೆ ಅದಕ್ಕೆ ಸಿಗುವ ಬೆಲೆ ಕಡಿಮೆಯಾಗುತ್ತ ಹೋಗುತ್ತದೆ. ಅದೇ ಹೊಡೆತದಿಂದ ರಾಕ್ಷಸ ಸಾಯುತ್ತಾನೆ, ಬಾಗಿಲು ತೆರೆಯುತ್ತದೆ, ಆದರೆ ಶ್ರೇಣಿ ಏರುವುದಿಲ್ಲ.

ಇದರ ಮಹತ್ವ ನನಗೆ ಆಡುವಾಗ ತಿಳಿಯಲಿಲ್ಲ, ಪ್ರಶ್ನೆಪತ್ರಿಕೆ ಬರೆಯುವಾಗ ತಿಳಿಯಿತು. ಈ ಗೇಮ್‌ನಲ್ಲಿ ತೇರ್ಗಡೆಯಾಗುವುದು ಒಂದು ಅಳತೆ, ಚೆನ್ನಾಗಿ ಆಡುವುದು ಇನ್ನೊಂದು ಅಳತೆ. ಎರಡನ್ನೂ ಒಂದೇ ಅಂಕಕ್ಕೆ ಕಟ್ಟಿಲ್ಲ. ಕಷ್ಟಪಟ್ಟು ಹೇಗೋ ದಾಟಿದವನು ದಾಟಿದವನೇ. ದಾಟುವುದು ಸುಲಭವಾದವನಿಗೆ ಅದೇ ಕೋಣೆಯಲ್ಲಿ, ಅದೇ ರಾಕ್ಷಸರೊಡನೆ, ಹೊಸ ಕೆಲಸ ಕಾದಿದೆ. ಹಾಗೂ ಆ ಅಳತೆ ಕೊನೆಯಲ್ಲಿ ಬರುವ ತೀರ್ಪಷ್ಟೇ ಅಲ್ಲ, ಆಡುತ್ತಿರುವಾಗಲೇ ಕಾಣುತ್ತದೆ. 2019ರ ಐದನೇ ಭಾಗದಲ್ಲಿ ಶ್ರೇಣಿ ಏರಿದಂತೆ ಹಿನ್ನೆಲೆ ಸಂಗೀತವೇ ಏರುತ್ತದೆ, ಎಸ್ ತಲುಪಿದಾಗ ಹಾಡಿನ ಪಲ್ಲವಿ ಸ್ಫೋಟಿಸುತ್ತದೆ. ಪೆಟ್ಟು ಬಿದ್ದು ಶ್ರೇಣಿ ಕುಸಿದರೆ ಹಾಡೂ ಕುಸಿಯುತ್ತದೆ. ಪುನರ್ಬಲನವನ್ನು ನಾವು ‘ಗುಡ್, ಕೂತ್ಕೊ’ ಎಂದು ಮುಗಿಸುವವರು ಇದನ್ನು ಒಮ್ಮೆ ಕೇಳಬೇಕು.

ಕಠಿಣತೆಯನ್ನು ಹೆಚ್ಚಿಸುವ ಸುಲಭದ ದಾರಿ ಸಂಖ್ಯೆ ದೊಡ್ಡದು ಮಾಡುವುದು. ರಾಕ್ಷಸನ ಜೀವ ಎರಡರಷ್ಟು, ಅವನ ಪೆಟ್ಟು ಎರಡರಷ್ಟು. ಬಹಳಷ್ಟು ಗೇಮ್‌ಗಳು ಇದನ್ನೇ ಮಾಡಿ ಕೈತೊಳೆದುಕೊಳ್ಳುತ್ತವೆ. ಆಟಗಾರ ಮಾಡಬೇಕಾದ ಕೆಲಸ ಬದಲಾಗುವುದಿಲ್ಲ, ಉದ್ದವಾಗುತ್ತದೆ ಅಷ್ಟೇ. ನನ್ನ ನೀಲನಕ್ಷೆಯ ‘ಕಠಿಣ’ ಪ್ರಶ್ನೆಯೂ ಹೀಗೇ ಇತ್ತು: ಅದೇ ಸೂತ್ರ, ದಶಮಾಂಶ ಬಿಂದುಗಳಿರುವ ಅಂಕಿಗಳು, ಅಷ್ಟೇ ಹೊರತು ಹೊಸ ಯೋಚನೆ ಒಂದೂ ಇಲ್ಲ. ಕಠಿಣ ಅಲ್ಲ ಅದು, ಬೇಸರ.

ಡೆವಿಲ್ ಮೇ ಕ್ರೈಯ ಮೇಲಿನ ಹಂತಗಳು ಸಂಖ್ಯೆ ಏರಿಸುವುದರ ಜೊತೆಗೆ ಜೋಡಣೆಯನ್ನೂ ಬದಲಿಸುತ್ತವೆ. ಸನ್ ಆಫ್ ಸ್ಪಾರ್ಡಾ ಎಂಬ ಹಂತದಲ್ಲಿ, ಹಿಂದೆ ಗೇಮ್‌ನ ಕೊನೆಯ ಭಾಗದಲ್ಲಿ ಕಂಡ ಎದುರಾಳಿಗಳು ಮೊದಲೇ ಎದುರಾಗುತ್ತಾರೆ. ಬೇರೆ ಬೇರೆಯಾಗಿ ಕಲಿತ ಎರಡು ಪಾಠ ಒಟ್ಟಿಗೆ ಬಂದಂತೆ. ಕಮಿಯ ಅವರೇ 2009ರಲ್ಲಿ ಮಾಡಿದ ಬಯೊನೆಟ್ಟಾದಲ್ಲಿ ಇನ್ನೂ ಜಾಣ ಉಪಾಯವಿದೆ. ಅಲ್ಲಿ ಕೊನೆಯ ಕ್ಷಣದಲ್ಲಿ ಪೆಟ್ಟು ತಪ್ಪಿಸಿಕೊಂಡರೆ ಲೋಕವೆಲ್ಲ ಕೆಲ ಸೆಕೆಂಡ್ ನಿಧಾನವಾಗುತ್ತದೆ, ನಾವು ಮಾತ್ರ ಎಂದಿನ ವೇಗದಲ್ಲಿ ಹೊಡೆಯಬಹುದು. ಇದಕ್ಕೆ ವಿಚ್ ಟೈಮ್ ಎನ್ನುತ್ತಾರೆ. ಅಂದರೆ ಅಪಾಯಕ್ಕೆ ಎಷ್ಟು ಹತ್ತಿರ ಹೋಗುತ್ತೀರೋ ಅಷ್ಟು ಬಹುಮಾನ. ಇಡೀ ಗೇಮ್ ಈ ಬಹುಮಾನದ ಮೇಲೆ ನಿಂತಿದೆ. ಆದರೆ ಅತ್ಯಂತ ಕಠಿಣ ಹಂತವಾದ ಇನ್‌ಫಿನಿಟ್ ಕ್ಲೈಮ್ಯಾಕ್ಸ್‌ನಲ್ಲಿ ಹಾಗೆ ತಪ್ಪಿಸಿಕೊಂಡರೂ ಕಾಲ ನಿಧಾನವಾಗುವುದಿಲ್ಲ. ಊರುಗೋಲು ತೆಗೆದುಕೊಂಡರು. ಅಷ್ಟು ಹೊತ್ತಿಗೆ ಆಟಗಾರನಿಗೆ ಎದುರಾಳಿಯ ಲಯ ಮೈಗೂಡಿರುತ್ತದೆ ಎಂಬ ನಂಬಿಕೆಯಿಂದ. ವೈಗೋಟ್‌ಸ್ಕಿ ಓದುವಾಗ ಆಸರೆಯನ್ನು ಕಟ್ಟುವುದರ ಬಗ್ಗೆ ನಾವು ಪುಟಗಟ್ಟಲೆ ಟಿಪ್ಪಣಿ ಮಾಡುತ್ತೇವೆ, ಬಿಚ್ಚುವುದರ ಬಗ್ಗೆ ಒಂದು ಸಾಲು.

ಸುಲಭ ಮಾಡುವುದು ಇದಕ್ಕಿಂತ ಸೂಕ್ಷ್ಮದ ಕೆಲಸ. ನನಗೆ ಈ ಭಾಗವೇ ಮುಖ್ಯ. 2005ರ ನಿಂಜಾ ಗೈಡನ್ ಬ್ಲ್ಯಾಕ್ ಕಷ್ಟಕ್ಕೆ ಹೆಸರಾದ ಗೇಮ್. ಆರಂಭದಲ್ಲಿ ಪದೇ ಪದೇ ಸತ್ತರೆ ಸುಲಭ ಹಂತ ಬೇಕೇ ಎಂದು ಅದು ಕೇಳುತ್ತದೆ. ಒಪ್ಪಿದರೆ ಆ ಹಂತದ ಹೆಸರು ‘ನಿಂಜಾ ಡಾಗ್’. ನಾಯಕನ ತೋಳಿಗೆ ಬಣ್ಣದ ರಿಬ್ಬನ್ ಬೇರೆ ಕಟ್ಟುತ್ತಾರೆ, ಗೇಮ್ ಉದ್ದಕ್ಕೂ ಕಾಣುವಂತೆ. ತಮಾಷೆಗೆ ಮಾಡಿದ್ದಿರಬಹುದು. ಆದರೆ ‘ನಿಧಾನ ಕಲಿಯುವವರ’ ಪಟ್ಟಿ ಮಾಡಿ ಅವರನ್ನು ಬೇರೆ ಬೆಂಚಿನಲ್ಲಿ ಕೂರಿಸುವ ಪದ್ಧತಿ ಕಂಡವರಿಗೆ ಆ ರಿಬ್ಬನ್ ತಮಾಷೆಯಾಗಿ ಕಾಣುವುದಿಲ್ಲ. ನಾಲ್ಕಾಗಿ ಮಡಚಿದ ಉತ್ತರ ಪತ್ರಿಕೆ ನನಗೆ ಹಾಗೆಯೇ ಕಂಡಿತು. ಅದರ ಮೇಲೆ ಕೆಂಪು ಶಾಯಿಯಲ್ಲಿ 4/25 ಎಂದು ದೊಡ್ಡದಾಗಿ ಬರೆದವಳು ನಾನು.

ಇದಕ್ಕೆ ವಿರುದ್ಧವಾದ ಉದಾಹರಣೆ 2020ರ ಹೇಡೀಸ್. ಗ್ರೀಕ್ ಪುರಾಣದ ಪಾತಾಳದಿಂದ ತಪ್ಪಿಸಿಕೊಳ್ಳುವ ಕಥೆ. ಸಾಯುವುದು ಅಲ್ಲಿ ಕಥೆಯ ಭಾಗವೇ, ಸತ್ತರೆ ಮನೆಗೆ ಮರಳುತ್ತೀರಿ, ಮನೆಯವರು ಹೊಸ ಮಾತಾಡುತ್ತಾರೆ. ಅದರಲ್ಲಿ ‘ಗಾಡ್ ಮೋಡ್’ ಎಂಬ ಆಯ್ಕೆ ಇದೆ. ಒತ್ತಿದರೆ ನಮಗೆ ತಾಗುವ ಪೆಟ್ಟು ಶೇ. 20ರಷ್ಟು ಕಡಿಮೆ. ಆಮೇಲೆ ಪ್ರತಿ ಸಾವಿಗೂ ಶೇ. 2ರಂತೆ ಹೆಚ್ಚು ರಕ್ಷಣೆ, ಗರಿಷ್ಠ ಶೇ. 80. ಎದುರಾಳಿಗಳು ಅವರೇ, ಅವರ ಸಿದ್ಧತೆಯ ಭಂಗಿ ಅದೇ, ಕಥೆಯೂ ಅದೇ. ಹೊಡೆತದ ವ್ಯಾಕರಣವನ್ನು ಮುಟ್ಟದೆ ತಪ್ಪಿನ ಬೆಲೆಯನ್ನು ಮಾತ್ರ ಇಳಿಸಿದ್ದಾರೆ. ಹೆಸರೂ ನೋಡಿ, ನಾಯಿ ಎಂದಿಲ್ಲ, ದೇವರು ಎಂದಿದ್ದಾರೆ! ಪಾಠ ತೆಳುಗೊಳಿಸಿ ಸುಲಭ ಮಾಡುವುದಕ್ಕೂ, ಅದೇ ಪಾಠದಲ್ಲಿ ತಪ್ಪುವ ಭಯ ಕಡಿಮೆ ಮಾಡುವುದಕ್ಕೂ ಇರುವ ವ್ಯತ್ಯಾಸ ಇದಕ್ಕಿಂತ ಸ್ಪಷ್ಟವಾಗಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಹಾಗೆಂದು ಗೇಮ್‌ಗಳೆಲ್ಲ ಒಳ್ಳೆಯ ಮೇಷ್ಟ್ರುಗಳಲ್ಲ. ನಮ್ಮ ಹುಡುಗ ಆಡುವ ಶ್ಯಾಡೋ ಫೈಟ್ 2ನ್ನೇ ತೆಗೆದುಕೊಳ್ಳಿ. ಪ್ರತಿ ಕಾಳಗಕ್ಕೂ ಮೊದಲೇ ಈಸಿ, ನಾರ್ಮಲ್, ಹಾರ್ಡ್, ಇನ್ಸೇನ್, ಇಂಪಾಸಿಬಲ್ ಎಂಬ ಪಟ್ಟಿ ಹಚ್ಚಿರುತ್ತಾರೆ. ಆ ಪಟ್ಟಿ ಅಳೆಯುವುದು ಬಹುಮಟ್ಟಿಗೆ ನಿಮ್ಮ ಆಯುಧ ಮತ್ತು ಕವಚವನ್ನು. ಉತ್ತಮ ಕತ್ತಿ ಕೊಂಡರೆ ‘ಇಂಪಾಸಿಬಲ್’ ಇದ್ದದ್ದು ‘ನಾರ್ಮಲ್’ ಆಗುತ್ತದೆ, ನಿಮ್ಮ ಬೆರಳು ಏನೂ ಕಲಿತಿಲ್ಲದಿದ್ದರೂ. ಕತ್ತಿಗೆ ಬೇಕಾದ ನಾಣ್ಯ ಗೆದ್ದು ಗಳಿಸಬಹುದು, ದುಡ್ಡು ಕೊಟ್ಟೂ ಕೊಳ್ಳಬಹುದು. ಜೊತೆಗೆ ಶಕ್ತಿ ಎಂಬ ಲೆಕ್ಕವಿದೆ, ಕೆಲವು ಕಾಳಗಗಳ ನಂತರ ಅದು ಮುಗಿಯುತ್ತದೆ, ತುಂಬುವವರೆಗೆ ಕಾಯಬೇಕು, ಇಲ್ಲವೇ ಕೊಳ್ಳಬೇಕು. ಎಲ್ಲಿ ತಪ್ಪಿದೆ ಎಂದು ಗೊತ್ತಾದ ಕ್ಷಣದಲ್ಲೇ ಮತ್ತೆ ಪ್ರಯತ್ನಿಸಲು ಬಿಡದಿರುವುದು ಕಲಿಕೆಯ ದೃಷ್ಟಿಯಿಂದ ಅತಿ ಕೆಟ್ಟ ಏರ್ಪಾಡು. ವ್ಯಾಪಾರದ ದೃಷ್ಟಿಯಿಂದ ಒಳ್ಳೆಯದಿರಬಹುದು. ‘ಶಕ್ತಿ ಮುಗಿದ್ರೆ ಏನ್ ಮಾಡ್ತೀಯ?’ ಎಂದೆ. ‘ಅಮ್ಮನಿಗೆ ಫೋನ್ ವಾಪಸ್ ಕೊಡ್ತೀನಿ’ ಎಂದ. ಇದನ್ನು ಒಳ್ಳೆಯದೆಂದೇ ಹೇಳುವವರೂ ಇರುತ್ತಾರೆ, ನಾನು ವಾದಿಸುವುದಿಲ್ಲ.

ಆದರೆ ನನ್ನ ಘಟಕ ಪರೀಕ್ಷೆ ಯಾವ ಗೇಮ್‌ನ್ನು ಹೋಲುತ್ತಿತ್ತು? ಸೋತ ಮೇಲೆ ಒಂಬತ್ತು ದಿನ ಕಾಯಿಸಿ ಪತ್ರಿಕೆ ಕೊಟ್ಟಿದ್ದೆ. ತಪ್ಪಾದ ಉತ್ತರಕ್ಕೆ ಅಡ್ಡಗೆರೆ ಎಳೆದಿದ್ದೆ, ಎಲ್ಲಿಂದ ತಪ್ಪಿತು ಎಂದು ಗುರುತಿಸಿರಲಿಲ್ಲ. ಮತ್ತೆ ಪ್ರಯತ್ನಿಸುವ ಅವಕಾಶ ಇರಲಿಲ್ಲ. ಮುಂದಿನ ಘಟಕಕ್ಕೆ ಹೋಗಿದ್ದೆ.

ಹುಡುಗನ ಪತ್ರಿಕೆಯನ್ನು ಮತ್ತೆ ಕೇಳಿ ಪಡೆದು ಓದಿದೆ. ಬೀಳುವ ಕಲ್ಲಿನ ಲೆಕ್ಕಗಳಲ್ಲಿ ಅವನ ತಪ್ಪು ಒಂದೇ: ಕಾಲದ ವರ್ಗ ಮಾಡುವ ಬದಲು ಎರಡರಿಂದ ಗುಣಿಸುತ್ತಿದ್ದ. ಮೂರು ಲೆಕ್ಕಗಳಲ್ಲೂ ಅದೇ ತಪ್ಪು, ಮೂರಕ್ಕೂ ಸೊನ್ನೆ. ಉಳಿದ ಹೆಜ್ಜೆಗಳೆಲ್ಲ ಸರಿ. ವಿಚಿತ್ರವೆಂದರೆ, ಕಾಲ 2 ಸೆಕೆಂಡ್ ಇದ್ದ ನಾಲ್ಕನೇ ಲೆಕ್ಕದಲ್ಲಿ ಅವನ ಉತ್ತರ ಸರಿಯಾಗಿತ್ತು. ಎರಡರ ವರ್ಗವೂ ನಾಲ್ಕು, ಎರಡರ ಎರಡರಷ್ಟೂ ನಾಲ್ಕು. ಅವನ ನಾಲ್ಕು ಅಂಕಗಳಲ್ಲಿ ಎರಡು ಅದರಿಂದಲೇ ಬಂದದ್ದು. ತಪ್ಪು ವಿಧಾನಕ್ಕೆ ನಾನೇ ಒಮ್ಮೆ ಪೂರ್ತಿ ಅಂಕ ಕೊಟ್ಟು ಅದನ್ನು ಗಟ್ಟಿ ಮಾಡಿದ್ದೆ. ಆ ಲೆಕ್ಕವನ್ನು ನೀಲನಕ್ಷೆಯಲ್ಲಿ ‘ಸುಲಭ’ ಎಂದು ಬರೆದಿದ್ದೆ.

ಮರುದಿನ ಅಳತೆಪಟ್ಟಿ ಬೀಳಿಸುವ ಪ್ರಯೋಗವನ್ನು ಮಾಡಿಸಿದ್ದು ಇದಕ್ಕಾಗಿಯೇ. ಕಾಲವನ್ನು ಎರಡರಿಂದ ಗುಣಿಸಿದರೆ, 20 ಸೆಂ.ಮೀ. ಜಾರಿದ ಪಟ್ಟಿಗೆ ಉತ್ತರ 0.02 ಸೆಕೆಂಡ್ ಬರುತ್ತದೆ. ಒಂದು ಫ್ರೇಮ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಅವನು ತನ್ನ ಉತ್ತರ ನೋಡಿದ, ಪಟ್ಟಿ ನೋಡಿದ. ‘ಇಷ್ಟು ಬೇಗ ಯಾರೂ ಹಿಡಿಯಕ್ಕಾಗಲ್ಲ ಮಿಸ್’ ಎಂದ. ನಾನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸೂತ್ರದ ಮೇಲಿರುವ ಸಣ್ಣ 2ನ್ನು ಬೆರಳಿಂದ ತೋರಿಸಿ, ಇದು ಎರಡರಷ್ಟು ಅಲ್ಲವಾ ಎಂದು ಕೇಳಿದ. ಇಡೀ ಘಟಕದಲ್ಲಿ ಅವನು ಕೇಳಿದ ಮೊದಲ ಪ್ರಶ್ನೆ ಅದು.

ಆಮೇಲಿನ ಎರಡು ಕಿರುಪರೀಕ್ಷೆಗಳನ್ನು ಬೇರೆ ರೀತಿ ಮಾಡಿದೆ. ಐದೇ ಲೆಕ್ಕ, ಅದೇ ಅವಧಿಯಲ್ಲಿ ತಿದ್ದುವುದು. ಅಂಕ ಬರೆಯದೆ, ಮೊದಲು ತಪ್ಪಿದ ಹೆಜ್ಜೆಯ ಪಕ್ಕ ಪೆನ್ಸಿಲ್ ಚುಕ್ಕೆ ಮಾತ್ರ ಇಟ್ಟು ಕೂಡಲೇ ಹಿಂತಿರುಗಿಸುವುದು. ತಿದ್ದಿ ತಂದರೆ ಪೂರ್ತಿ ಅಂಕ. ಬೇಗ ಮುಗಿಸಿದವರಿಗೆ ಹೊಸ ಲೆಕ್ಕ ಕೊಡುವುದಿಲ್ಲ, ಅದೇ ಲೆಕ್ಕವನ್ನು ಇನ್ನೊಂದು ವಿಧಾನದಲ್ಲಿ ಮಾಡಬೇಕು. ಸೂತ್ರದಿಂದ ಮಾಡಿದವರು ನಕ್ಷೆಯಿಂದ ಮಾಡಲಿ. ಇದು ನೇರವಾಗಿ ಡೆವಿಲ್ ಮೇ ಕ್ರೈಯಿಂದ ಕದ್ದದ್ದು, ಒಪ್ಪಿಕೊಳ್ಳುತ್ತೇನೆ. ಮೊದಲ ಸಾಲಿನ ಇಬ್ಬರು ಹುಡುಗಿಯರು ನಕ್ಷೆಯಲ್ಲಿ ಸಿಕ್ಕಿಹಾಕಿಕೊಂಡು ಮೊದಲ ಸಲ ಕಷ್ಟಪಟ್ಟರು, ಅವರಿಗೆ ಸಿಟ್ಟೂ ಬಂತು.

ಎಲ್ಲವೂ ಸರಿಹೋಗಲಿಲ್ಲ. 40 ನಿಮಿಷದ ಅವಧಿಯಲ್ಲಿ ಇಡೀ ತರಗತಿಯ ಪತ್ರಿಕೆಗಳಿಗೆ ಚುಕ್ಕೆ ಇಡಲು ನನ್ನಿಂದ ಆಗಲಿಲ್ಲ, ಕೊನೆಯ ಎರಡು ಸಾಲು ಉಳಿದೇ ಹೋಯಿತು. ಪಾಠ ವೀಕ್ಷಣೆಗೆ ಬಂದ ಮಾರ್ಗದರ್ಶಕರು ಕೇಳಿದ್ದೂ ಅದನ್ನೇ: ತಿದ್ದಿದ ಮೇಲೆ ಎಲ್ಲರಿಗೂ ಪೂರ್ತಿ ಅಂಕ ಎಂದಾದರೆ ವರ್ಷದ ಕೊನೆಯ ಪರೀಕ್ಷೆಗೆ ಇವರು ಹೇಗೆ ಸಿದ್ಧರಾಗುತ್ತಾರೆ, ಅಲ್ಲಿ ಎರಡನೇ ಪ್ರಯತ್ನ ಇಲ್ಲವಲ್ಲ? ನನ್ನ ಬಳಿ ಪೂರ್ತಿ ಉತ್ತರ ಇರಲಿಲ್ಲ. ಸೆಕಿರೊ ಆಡುವವರು ಒಬ್ಬನೇ ಎದುರಾಳಿಯ ಮುಂದೆ ನೂರು ಸಲ ಸೋಲುವುದು ಆ ಒಂದು ಸಲ ಗೆಲ್ಲುವುದಕ್ಕೇ ಎಂದು ಮನಸ್ಸಿನಲ್ಲಿ ಬಂತು, ಹೇಳುವ ಧೈರ್ಯ ಬರಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ನೀಲನಕ್ಷೆಯ ಕಠಿಣತೆಯ ಕಂಬವನ್ನು ಈಗ ಪೆನ್ಸಿಲ್‌ನಲ್ಲಿ ತುಂಬುತ್ತೇನೆ. ಪರೀಕ್ಷೆ ಮುಗಿದ ಮೇಲೆ ಪ್ರತಿ ಪ್ರಶ್ನೆಗೂ ಎಷ್ಟು ಮಂದಿ ಸರಿ ಉತ್ತರಿಸಿದರು ಎಂದು ಎಣಿಸಿ, ತಪ್ಪಾದವರು ಯಾವ ಹೆಜ್ಜೆಯಲ್ಲಿ ತಪ್ಪಿದರು ಎಂದು ಪಕ್ಕದಲ್ಲಿ ಬರೆದು, ಆಮೇಲೆ ಶಾಯಿಯಲ್ಲಿ ಬರೆಯುತ್ತೇನೆ. ಎರಡನೇ ಪರೀಕ್ಷೆಯಲ್ಲಿ ಐದರಲ್ಲಿ ಮೂರು ಪ್ರಶ್ನೆಗಳ ಮಟ್ಟ ಅಳಿಸಿ ಬರೆಯಬೇಕಾಯಿತು. ಹಿಂದಿನ ಬೆಂಚಿನ ಹುಡುಗ ಆ ಪರೀಕ್ಷೆಯಲ್ಲಿ ಮೂರು ಲೆಕ್ಕ ಮಾಡಿದ, ನಾಲ್ಕನೆಯದರಲ್ಲಿ ಚುಕ್ಕೆ ಬಿತ್ತು, ಐದನೆಯದನ್ನು ಮುಟ್ಟಲಿಲ್ಲ. ಪತ್ರಿಕೆ ಮಡಚುವ ಮೊದಲು ಚುಕ್ಕೆ ಎಲ್ಲಿದೆ ಎಂದು ನೋಡಿದ.